ನೂರಕ್ಕೆ ಎಷ್ಟು ಅಂತಷ್ಟೇ ಕೇಳಿದ್ದೆ

ನಮ್ಮ ಗ್ರಾಹಕರ ಕಾರ್ಡಿನಿಂದ ದುಡ್ಡು ತೆಗೆದು ನಮಗೆ ಕಳಿಸುವ ಪೇಮೆಂಟ್ ಕಂಪನಿಯಿಂದ ಆ ಮೇಲ್ ಬಂದಾಗ ಬೆಳಿಗ್ಗೆ ಆರೂವರೆ. ಮೇಲ್ಗಡೆ 'ನಿಮ್ಮ ಖಾತೆಯ ಪರಿಶೀಲನೆ' ಅಂತಿತ್ತು. ಒಳಗೆ ನಾಲ್ಕೇ ಸಾಲು. ಗ್ರಾಹಕರಿಂದ ಹಣ ತೆಗೆದುಕೊಳ್ಳುವುದು ಎಂದಿನಂತೆ ನಡೆಯುತ್ತದೆ, ಅದನ್ನು ನಿಮ್ಮ ಬ್ಯಾಂಕಿಗೆ ಕಳಿಸುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಿದ್ದೇವೆ. ಕಾರಣ, ವ್ಯವಹಾರ ದಿಢೀರ್ ಏರಿದ್ದು. ಕೆಳಗೆ ಯಾರ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ.

ಡ್ಯಾಶ್‌ಬೋರ್ಡ್ ತೆರೆದೆ. ಹಿಂದಿನ ರಾತ್ರಿ ಹಸಿರಾಗಿ ಕಂಡಿದ್ದ ಮೊತ್ತ ಈಗ ಬೂದು ಬಣ್ಣದಲ್ಲಿತ್ತು. ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರ. ಒತ್ತಿ ನೋಡಿದೆ, ಏನೂ ತೆರೆಯಲಿಲ್ಲ. ಅದು ನಮ್ಮ ನಾಲ್ಕು ತಿಂಗಳ ದುಡಿಮೆ. ಕಣ್ಣೆದುರಿಗೇ ಇದೆ, ಕೈಗೆ ಸಿಗುವುದಿಲ್ಲ.

ನಾನೂ ನನ್ನ ತಂಗಿಯೂ ಸೇರಿ ಆನ್‌ಲೈನ್‌ನಲ್ಲಿ ಹೊಲಿಗೆ ಕಲಿಸುತ್ತೇವೆ. ಪಾಠ ಅವಳದ್ದು, ಲೆಕ್ಕ, ವೆಬ್‌ಸೈಟ್, ಗ್ರಾಹಕರ ಮೇಲ್ ಎಲ್ಲ ನನ್ನದು. ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಬಟ್ಟೆ ಕತ್ತರಿಸುವ ಪ್ಯಾಟರ್ನ್‌ಗಳ ಪಿಡಿಎಫ್ ಬಿಡಿಬಿಡಿಯಾಗಿ ಮಾರುತ್ತೇವೆ. ಅದು ಸಣ್ಣ ಮೊತ್ತ. ತಿಂಗಳ ಚಂದಾ ಕಟ್ಟಿ ಪಾಠ ನೋಡುವವರು ಬೇರೆ. ನಮ್ಮ ಮನೆ ನಡೆಯುವುದು ಈ ಚಂದಾದಿಂದ.

ಶುರು ಮಾಡುವಾಗ ಪೇಮೆಂಟ್ ಕಂಪನಿ ಆರಿಸಲು ನಾನು ಕೊಟ್ಟ ಸಮಯ ಒಂದು ಸಂಜೆ. ಮೂರು ಕಂಪನಿಗಳ ಪುಟ ತೆರೆದಿಟ್ಟುಕೊಂಡು ನೂರಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ನೋಡಿದೆ. ಕಡಿಮೆ ಹೇಳಿದವರ ಹತ್ತಿರ ಖಾತೆ ತೆರೆದೆ. ಒಂದು ಗಂಟೆಯೊಳಗೆ ಮೊದಲ ಪೇಮೆಂಟ್ ಬಂತು. ಎಷ್ಟು ಸುಲಭ ಅಂತ ಖುಷಿಪಟ್ಟೆವು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ, ಅದನ್ನೂ ಹೇಳಬೇಕು.

ಆಮೇಲೆ ತಂಗಿ ಒಂದು ವರ್ಷದ ಕೋರ್ಸ್ ತಯಾರು ಮಾಡಿದಳು. ವಾರಕ್ಕೊಂದು ಪಾಠ, ಪೂರ್ತಿ ವರ್ಷದ ದುಡ್ಡು ಮೊದಲೇ. ನಾಲ್ಕು ದಿನದಲ್ಲಿ ನಾವು ಸಾಮಾನ್ಯವಾಗಿ ಆರು ತಿಂಗಳಲ್ಲಿ ಮಾಡುವಷ್ಟು ಮಾರಾಟವಾಯಿತು. ಐದನೇ ದಿನ ಬೆಳಿಗ್ಗೆ ಆ ಮೇಲ್.

ಆವತ್ತು ವಿಪರೀತ ಸಿಟ್ಟು ಬಂದಿತ್ತು. ಮುಂದೆ ಕೂತು ಓದುತ್ತಾ ಹೋದಾಗ ಅವರ ಭಯ ಏನು ಅಂತ ಅರ್ಥವಾಯಿತು. ನೇರವಾಗಿ ಹೇಳುತ್ತೇನೆ, ಅವರ ಭಯದಲ್ಲಿ ತಪ್ಪಿರಲಿಲ್ಲ.

ಕಾರ್ಡಿನಲ್ಲಿ ದುಡ್ಡು ಕೊಟ್ಟವರಿಗೆ ವಸ್ತು ಸಿಗದಿದ್ದರೆ ಅವರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಎಳೆಸಬಹುದು. ಇದೇ ಚಾರ್ಜ್‌ಬ್ಯಾಕ್. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ಕಾರಣಗಳಿಗೆ ಇದಕ್ಕೆ 120 ದಿನ ಅವಕಾಶ ಇದೆ. ಮುಂದೆ ಯಾವಾಗಲೋ ಕೊಡಬೇಕಾದ ಸೇವೆಯಾದರೆ ಆ ಲೆಕ್ಕ ಶುರುವಾಗುವುದೇ ಸೇವೆ ಸಿಗಬೇಕಾಗಿದ್ದ ದಿನದಿಂದ. ಈಗ ನಮ್ಮ ಕೋರ್ಸ್ ನೋಡಿ. ಇವತ್ತು ನೂರಾರು ಜನ ವರ್ಷದ ದುಡ್ಡು ಕಟ್ಟಿದ್ದಾರೆ. ಮೂರನೇ ತಿಂಗಳು ನಾವು ಬಾಗಿಲು ಹಾಕಿಕೊಂಡು ಹೋದರೆ? ಅಷ್ಟೂ ಜನ ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ. ನಮ್ಮ ಖಾತೆ ಖಾಲಿ. ಆಗ ಆ ದುಡ್ಡು ಕಟ್ಟಿಕೊಡಬೇಕಾದವರು ಪೇಮೆಂಟ್ ಕಂಪನಿ ಮತ್ತು ಅದರ ಹಿಂದಿರುವ ಬ್ಯಾಂಕ್. ವಿಮಾನದ ಟಿಕೆಟ್, ಪ್ರವಾಸದ ಪ್ಯಾಕೇಜ್ ಮಾರುವವರನ್ನು ಇವರು ಹುಷಾರಾಗಿ ನೋಡುವುದೂ ಇದಕ್ಕೇ. ದುಡ್ಡು ಇವತ್ತು, ಸೇವೆ ನಾಳೆ. ಅಂದರೆ ನಮಗೆ ಅವರು ಬರೀ ದುಡ್ಡು ಸಾಗಿಸುತ್ತಿಲ್ಲ, ಒಂದು ಥರ ಸಾಲವನ್ನೇ ಕೊಡುತ್ತಿದ್ದಾರೆ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಇನ್ನೊಂದು ವಿಷಯವೂ ಆಗಲೇ ತಿಳಿದದ್ದು. ಒಂದು ಗಂಟೆಯಲ್ಲಿ ಖಾತೆ ತೆರೆದುಕೊಡುವ ಕಂಪನಿಗಳು ಬಹುತೇಕ ಒಂದೇ ದೊಡ್ಡ ಖಾತೆಯ ಕೆಳಗೆ ಸಾವಿರಾರು ವ್ಯಾಪಾರಿಗಳನ್ನು ಸೇರಿಸಿಕೊಂಡಿರುತ್ತವೆ. ಇವರನ್ನು ಪೇಮೆಂಟ್ ಫೆಸಿಲಿಟೇಟರ್ ಅನ್ನುತ್ತಾರೆ. ಬ್ಯಾಂಕಿನಲ್ಲಿ ನಮ್ಮದೇ ಹೆಸರಿನ ಮರ್ಚೆಂಟ್ ಅಕೌಂಟ್, ಅಂದರೆ ಕಾರ್ಡಿನ ದುಡ್ಡು ಪಡೆಯುವ ವ್ಯಾಪಾರಿ ಖಾತೆ ಬೇಕೆಂದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಏನು ಮಾರುತ್ತೀರಿ, ತಿಂಗಳಿಗೆ ಎಷ್ಟು, ರೀಫಂಡ್ ಎಷ್ಟು, ಎಲ್ಲ ಕೇಳುತ್ತಾರೆ. ಆ ಪ್ರಶ್ನೆಗಳು ಕಿರಿಕಿರಿ ಅಂತ ನಾನು ಸುಲಭದ ದಾರಿ ಹಿಡಿದಿದ್ದೆ. ಆದರೆ ಪ್ರಶ್ನೆ ಎಲ್ಲೂ ಹೋಗಿರಲಿಲ್ಲ. ಬಾಗಿಲಲ್ಲಿ ಕೇಳದವರು ಒಳಗೆ ಬಂದ ಮೇಲೆ ಕೇಳಿದರು, ಅದೂ ದುಡ್ಡು ಹಿಡಿದಿಟ್ಟುಕೊಂಡು.

ಭಯ ಸರಿ. ಆದರೆ ನಡೆದುಕೊಂಡ ರೀತಿಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಹನ್ನೊಂದು ದಿನ ಒಬ್ಬ ಮನುಷ್ಯನ ಜೊತೆ ಮಾತಾಡಲು ಆಗಲಿಲ್ಲ. ನೋಂದಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿ ಕೇಳಿದರು, ಕಳಿಸಿದೆ. ಮೂರು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿದರು. ಮತ್ತೆ ಕಳಿಸಿದೆ. ಪ್ರತಿ ಸಲ ಬೇರೆ ಬೇರೆ ಟಿಕೆಟ್ ನಂಬರ್. ಆ ಕಡೆ ಕೋರ್ಸಿನ ವಿಡಿಯೊ ಎಡಿಟ್ ಮಾಡಿದವರಿಗೆ ದುಡ್ಡು ಕೊಡಬೇಕಿತ್ತು. ಉಳಿತಾಯದಿಂದ ತೆಗೆದು ಕೊಟ್ಟೆವು. ತಂಗಿ ಏನೂ ಅನ್ನಲಿಲ್ಲ. ಅವಳ ಸುಮ್ಮನಿರುವಿಕೆಯೇ ನನಗೆ ಜಾಸ್ತಿ ನೋವಾದದ್ದು.

ಹನ್ನೆರಡನೇ ದಿನ ಬೀಗ ತೆಗೆದರು, ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಪ್ರತಿದಿನದ ವಹಿವಾಟಿನಲ್ಲಿ ಶೇ 10ನ್ನು ಹಿಡಿದಿಟ್ಟುಕೊಂಡು 180 ದಿನ ಆದ ಮೇಲೆ ಬಿಡುತ್ತಾರೆ. ಇದಕ್ಕೆ ರೋಲಿಂಗ್ ರಿಸರ್ವ್ ಅಂತ ಹೆಸರು. ಒಪ್ಪಂದದಲ್ಲಿ ಇದು ಮೊದಲ ದಿನದಿಂದಲೂ ಇತ್ತು. ನಾನೇ ಓದಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆವು, ಬೇರೆ ಕಂಪನಿ ಹುಡುಕೋಣ ಅಂತ. ಈ ಸಲ ಏಳು ವಾರ ಹಿಡಿಯಿತು. ಅದರಲ್ಲಿ ಒಂದು ದಿನವೂ ವ್ಯರ್ಥ ಅನ್ನಿಸಲಿಲ್ಲ.

ಮೊದಲು ಮಾಡಿದ್ದು ನಮ್ಮದೇ ಲೆಕ್ಕ. ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಶುಲ್ಕ ಅಂತ ಹೋದದ್ದನ್ನೆಲ್ಲ ಕೂಡಿಸಿ, ಬಂದ ಒಟ್ಟು ದುಡ್ಡಿನಿಂದ ಭಾಗಿಸಿದೆ. ಬೋರ್ಡಿನ ಮೇಲೆ ಇದ್ದ ದರ ನೂರಕ್ಕೆ ಮೂರಕ್ಕಿಂತ ಕಡಿಮೆ. ನಿಜವಾಗಿ ಹೋಗುತ್ತಿದ್ದದ್ದು ನಾಲ್ಕೂವರೆ ದಾಟಿತ್ತು. ಬಿಡಿ ಪಿಡಿಎಫ್‌ಗಳನ್ನು ಮಾತ್ರ ಬೇರೆ ತೆಗೆದು ನೋಡಿದರೆ ನೂರಕ್ಕೆ ಒಂಬತ್ತರ ಹತ್ತಿರ! ಮೂರು ಸಲ ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು.

ಕಾರಣ ಏನೆಂದರೆ, ಶೇಕಡಾ ದರದ ಜೊತೆಗೆ ಪ್ರತಿ ವಹಿವಾಟಿಗೂ ಒಂದು ನಿಗದಿತ ಶುಲ್ಕ ಇರುತ್ತದೆ. ದೊಡ್ಡ ಬಿಲ್‌ನಲ್ಲಿ ಅದು ಕಾಣುವುದೇ ಇಲ್ಲ. ಸಣ್ಣ ಬಿಲ್‌ನಲ್ಲಿ ಅದೇ ದೊಡ್ಡ ಪಾಲು. ಅದರ ಮೇಲೆ ಬೇರೆ ದೇಶದ ಕಾರ್ಡಾದರೆ ಒಂದಿಷ್ಟು, ಕರೆನ್ಸಿ ಬದಲಾಯಿಸಿದರೆ ಇನ್ನೊಂದಿಷ್ಟು. ರೀಫಂಡ್ ಕೊಟ್ಟರೆ ಗ್ರಾಹಕರಿಗೆ ಪೂರ್ತಿ ದುಡ್ಡು ಹೋಗುತ್ತದೆ, ಆದರೆ ನಾವು ಮೊದಲು ಕೊಟ್ಟ ಶುಲ್ಕ ವಾಪಸ್ ಬರುವುದಿಲ್ಲ. ಎಲ್ಲ ಕಂಪನಿಗಳಲ್ಲೂ ಹೀಗಿಲ್ಲ, ತುಂಬಾ ಕಡೆ ಹೀಗೇ. ಹನಿ ಹನಿ ಸೇರಿ ಹಳ್ಳ ಅನ್ನುತ್ತಾರಲ್ಲ, ಹಳ್ಳ ನಮ್ಮ ಕಡೆಯಿಂದ ಹರಿದು ಹೋಗುತ್ತಿತ್ತು.

ಈ ದರ ಎಲ್ಲಿಂದ ಬರುತ್ತದೆ ಅಂತಲೂ ಕೂತು ತಿಳಿದುಕೊಂಡೆ. ಗ್ರಾಹಕರ ಕಾರ್ಡ್ ಕೊಟ್ಟ ಬ್ಯಾಂಕಿಗೆ ಒಂದು ಪಾಲು, ಅದು ಇಂಟರ್‌ಚೇಂಜ್. ಸಾಮಾನ್ಯವಾಗಿ ದೊಡ್ಡ ಪಾಲು ಅದೇ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್‌ಗೆ ಒಂದು ಸಣ್ಣ ಪಾಲು. ಉಳಿದದ್ದು ನಮ್ಮ ಪೇಮೆಂಟ್ ಕಂಪನಿ ಮತ್ತು ಅದರ ಬ್ಯಾಂಕಿನದು. ಕೆಲವರು ಮೂರನ್ನೂ ಕಲಸಿ ಒಂದೇ ದರ ಹೇಳುತ್ತಾರೆ. ಇನ್ನು ಕೆಲವರು ಮೂರನ್ನೂ ಬಿಡಿಸಿ ತೋರಿಸಿ, ತಮ್ಮ ಪಾಲು ಇಷ್ಟು ಅನ್ನುತ್ತಾರೆ. 2006ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಅಡಿಯೆನ್ ಅನ್ನುವ ಪೇಮೆಂಟ್ ಕಂಪನಿ ಈ ಬಿಡಿಸಿ ತೋರಿಸುವ ಪದ್ಧತಿಗೆ ಹೆಸರಾದದ್ದು. ಬಿಡಿಸಿದ ಲೆಕ್ಕ ಪ್ರಾಮಾಣಿಕ ಅಂತ ನನಗೆ ಅನ್ನಿಸುತ್ತದೆ. ಡೆಬಿಟ್ ಕಾರ್ಡಿನ ಇಂಟರ್‌ಚೇಂಜ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಕಲಸಿದ ದರದಲ್ಲಿ ಆ ಲಾಭ ನಮಗೆ ಸಿಗುವುದಿಲ್ಲ. ಆದರೆ ಬಿಡಿಸಿದ ಬಿಲ್ ಓದಲು ತಾಳ್ಮೆ ಬೇಕು, ಮತ್ತು ತಿಂಗಳಿಗೆ ಇಷ್ಟಾದರೂ ವಹಿವಾಟು ಇರಬೇಕು ಅನ್ನುವ ಮಿತಿ ಬಹಳ ಕಡೆ ಇರುತ್ತದೆ.

ನಾಲ್ಕು ಕಂಪನಿಗಳನ್ನು ಆರಿಸಿಕೊಂಡು, ನಮ್ಮ ಮೂರು ತಿಂಗಳ ನಿಜವಾದ ವಹಿವಾಟನ್ನೇ ಒಬ್ಬೊಬ್ಬರ ದರಕ್ಕೂ ಹಾಕಿ ನೋಡಿದೆ. ಬೋರ್ಡಿನಲ್ಲಿ ಎಲ್ಲರಿಗಿಂತ ಕಡಿಮೆ ಬರೆದುಕೊಂಡಿದ್ದವರು ಮೂರನೇ ಸ್ಥಾನಕ್ಕೆ ಇಳಿದರು. ಜೊತೆಗೆ ಒಂದು ಉಪಾಯವೂ ಹೊಳೆಯಿತು. ಬಿಡಿ ಪ್ಯಾಟರ್ನ್ ಬದಲು ಐದರ ಕಟ್ಟು ಮಾಡಿ ಮಾರಿದರೆ ನಿಗದಿತ ಶುಲ್ಕ ಐದು ಸಲದ ಬದಲು ಒಂದೇ ಸಲ. ಯಾವ ಕಂಪನಿಗೆ ಹೋದರೂ ಇದು ಲಾಭವೇ. ಮರುದಿನವೇ ಮಾಡಿದೆವು.

ಆದರೆ ನನ್ನ ಮನಸ್ಸು ಇನ್ನು ದರದಲ್ಲಿ ಇರಲಿಲ್ಲ. ದುಡ್ಡು ನಿಂತ ದಿನ ಏನಾಗುತ್ತದೆ? ಯಾರು ಫೋನ್ ಎತ್ತುತ್ತಾರೆ? ನನಗೆ ಬೇಕಿದ್ದ ಉತ್ತರ ಇದಕ್ಕೆ.

ಅದಕ್ಕೆ ಒಂದು ಪರೀಕ್ಷೆ ಇಟ್ಟೆ. ಒಂದು ಶನಿವಾರ ರಾತ್ರಿ ಹತ್ತು ಗಂಟೆಗೆ ನಾಲ್ಕೂ ಕಂಪನಿಗೆ ಒಂದೇ ಮೇಲ್ ಕಳಿಸಿದೆ. ಮೂರು ಪ್ರಶ್ನೆ. ನಮ್ಮ ಮಾರಾಟ ಒಂದು ವಾರದಲ್ಲಿ ಐದು ಪಟ್ಟು ಆದರೆ ಏನು ಮಾಡುತ್ತೀರಿ, ಮತ್ತು ಎಷ್ಟು ದಿನ ಮುಂಚೆ ನಾವು ತಿಳಿಸಬೇಕು? ಯಾವ ಪರಿಸ್ಥಿತಿಯಲ್ಲಿ ರಿಸರ್ವ್ ಹಿಡಿಯುತ್ತೀರಿ, ಎಷ್ಟು, ಎಷ್ಟು ದಿನ? ನಾವು ನಿಮ್ಮನ್ನು ಬಿಟ್ಟು ಹೋದರೆ ನಮ್ಮ ಚಂದಾದಾರರ ಕಾರ್ಡ್ ವಿವರ ಹೊಸ ಕಂಪನಿಗೆ ಕೊಡುತ್ತೀರಾ?

ಮೊದಲ ಕಂಪನಿಯಿಂದ ಎರಡು ನಿಮಿಷದಲ್ಲಿ ಉತ್ತರ ಬಂತು. ತೆರೆದರೆ ಆರು ಲಿಂಕ್, ಒಂದೂ ನನ್ನ ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲ. ಎರಡನೆಯವರು ಸೋಮವಾರ ಫೋನ್ ಮಾಡಿದರು. ತುಂಬಾ ಸೌಜನ್ಯ. ದರ ಇನ್ನೂ ಇಳಿಸುತ್ತೇನೆ ಅಂದರು. ಮೂರನೇ ಪ್ರಶ್ನೆ ಕೇಳಿದಾಗಲೆಲ್ಲ ಮಾತು ಬೇರೆ ಕಡೆ ತಿರುಗಿತು. ಇನ್ನೊಬ್ಬರು ಒಪ್ಪಂದದ ಕರಡು ಕಳಿಸಿದರು. ಮೂರು ವರ್ಷ ಬಿಡುವ ಹಾಗಿಲ್ಲ, ಮಧ್ಯೆ ಬಿಟ್ಟರೆ ದಂಡ. ಅಲ್ಲಿಗೆ ಅವರ ಕತೆ ಮುಗಿಯಿತು.

ನಾಲ್ಕನೆಯವರ ಉತ್ತರ ಭಾನುವಾರ ಮಧ್ಯಾಹ್ನ ಬಂತು. ಬರೆದವರು ಕೆಳಗೆ ಹೆಸರು ಹಾಕಿದ್ದರು, ನೇರ ಮೇಲ್ ವಿಳಾಸ ಕೊಟ್ಟಿದ್ದರು. ಉತ್ತರ ಸಿಹಿಯಾಗೇನೂ ಇರಲಿಲ್ಲ. 'ವರ್ಷದ ದುಡ್ಡು ಮೊದಲೇ ತೆಗೆದುಕೊಳ್ಳುವ ವ್ಯಾಪಾರ ನಮಗೆ ರಿಸ್ಕ್. ನಿಮಗೆ ತಿಂಗಳ ಮಿತಿ ಹಾಕುತ್ತೇವೆ. ಮಿತಿ ದಾಟುವ ಹಾಗಿದ್ದರೆ ಹದಿನೈದು ದಿನ ಮುಂಚೆ ಬರೆಯಿರಿ. ಬರೆಯದೆ ದಾಟಿದರೆ ನಿಲ್ಲಿಸುತ್ತೇವೆ, ಆದರೆ ನಿಲ್ಲಿಸುವ ಮೊದಲು ಫೋನ್ ಮಾಡುತ್ತೇವೆ.' ಕಾರ್ಡ್ ವಿವರದ ಬಗ್ಗೆ, 'ಕೊಡುತ್ತೇವೆ, ಶುಲ್ಕ ಇಲ್ಲ, ತೆಗೆದುಕೊಳ್ಳುವವರ ಬಳಿ ಪಿಸಿಐ ದೃಢೀಕರಣ ಪತ್ರ ಇರಬೇಕು' ಅಂತಿತ್ತು. ಪಿಸಿಐ ಅಂದರೆ ಕಾರ್ಡ್ ಸುರಕ್ಷತೆಯ ನಿಯಮ. ಇದನ್ನೆಲ್ಲ ಒಪ್ಪಂದದಲ್ಲಿ ಸೇರಿಸುತ್ತೀರಾ ಅಂತ ಕೇಳಿದೆ. ಸೇರಿಸಿದರು.

ಅವರ ದರ ನನ್ನ ಲೆಕ್ಕದಲ್ಲಿ ಎರಡನೇ ಸ್ಥಾನದಲ್ಲಿತ್ತು. ತಂಗಿಗೆ ಮೇಲ್ ತೋರಿಸಿದೆ. ಅವಳು ಓದಿ, "ಇವರು ಬೇಡ ಅನ್ನೋದನ್ನೂ ನೇರವಾಗಿ ಹೇಳ್ತಾರೆ. ಇವರೇ ಇರಲಿ" ಅಂದಳು.

ಒಪ್ಪುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ. ನಮ್ಮ ದುಡ್ಡು ನಮ್ಮ ಬ್ಯಾಂಕಿಗೆ ಬರುವ ಮುಂಚೆ ಎರಡು ದಿನ ನಿಮ್ಮಲ್ಲಿ ಇರುತ್ತದಲ್ಲ, ಅದು ಇರುವುದು ಎಲ್ಲಿ? 2020ರ ಜೂನ್‌ನಲ್ಲಿ ಜರ್ಮನಿಯ ಪೇಮೆಂಟ್ ಕಂಪನಿ ವೈರ್‌ಕಾರ್ಡ್ ಕುಸಿದು ಬಿದ್ದದ್ದು ಓದಿದ್ದೆ. ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ಅಸಲಿಗೆ ಇರಲೇ ಇಲ್ಲ ಅಂತ ಹೊರಬಂತು. ಅದರ ಬ್ರಿಟನ್ ಶಾಖೆಯ ಕೆಲಸವನ್ನು ಅಲ್ಲಿನ ನಿಯಂತ್ರಕರು ಕೆಲವು ದಿನ ತಡೆಹಿಡಿದಾಗ, ಆ ವ್ಯವಸ್ಥೆಯ ಮೇಲೆ ನಿಂತಿದ್ದ ಬೇರೆ ಬೇರೆ ಆಪ್‌ಗಳ ಸಾಮಾನ್ಯ ಜನರಿಗೆ ತಮ್ಮದೇ ದುಡ್ಡು ಮುಟ್ಟಲು ಆಗಲಿಲ್ಲ. ಅದಕ್ಕೆ ಕೇಳಿದ್ದು. ಕಂಪನಿಯ ಸ್ವಂತ ದುಡ್ಡಿನ ಜೊತೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡುತ್ತೇವೆ ಅಂತ ಹೇಳಿ, ಆ ಬ್ಯಾಂಕಿನ ಹೆಸರನ್ನೂ ಕೊಟ್ಟರು.

ಕಾರ್ಡ್ ನಂಬರ್ ತುಂಬುವ ಪುಟ ಯಾರದ್ದು ಅನ್ನುವ ವಿಷಯ ಬೇಗ ತೀರ್ಮಾನವಾಯಿತು. ಅವರದ್ದೇ ಪುಟ. ಕಾರ್ಡ್ ಸುರಕ್ಷತೆಗೆ ಪಿಸಿಐ ಡಿಎಸ್‌ಎಸ್ ಅನ್ನುವ ನಿಯಮಾವಳಿ 2004ರಿಂದ ಇದೆ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಈ ಐದೂ ಕಾರ್ಡ್ ಕಂಪನಿಗಳು ಸೇರಿ 2006ರಲ್ಲಿ ಕಟ್ಟಿದ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಕಾರ್ಡ್ ನಂಬರ್ ನಮ್ಮ ಸರ್ವರ್ ಮುಟ್ಟಿದರೆ ನೂರಾರು ಪ್ರಶ್ನೆಗಳ ದೊಡ್ಡ ಪಟ್ಟಿಗೆ ನಾವು ಉತ್ತರ ಕೊಡಬೇಕು. ಪೂರ್ತಿ ಅವರ ಪುಟದಲ್ಲೇ ತುಂಬಿಸಿದರೆ ಪಟ್ಟಿ ತುಂಬಾ ಚಿಕ್ಕದು. ಕಾರ್ಡಿನ ಹಿಂದಿರುವ ಮೂರಂಕಿಯ ಗುಟ್ಟು ಸಂಖ್ಯೆಯನ್ನಂತೂ ಪೇಮೆಂಟ್ ಆದ ಮೇಲೆ ನಾವು ಯಾವ ಕಾರಣಕ್ಕೂ ಉಳಿಸಿಕೊಳ್ಳುವ ಹಾಗಿಲ್ಲ. ಪುಟದ ಬಣ್ಣ ನಮ್ಮ ಸೈಟಿಗೆ ಹೊಂದುವುದಿಲ್ಲ ಅಂತ ತಂಗಿಗೆ ಸ್ವಲ್ಪ ಬೇಸರ ಇತ್ತು. ಇರಲಿ ಬಿಡು ಅಂದೆ.

ಚಾರ್ಜ್‌ಬ್ಯಾಕ್ ಬಗ್ಗೆ ಒಂದು ಘಟನೆ ಹೇಳಲೇಬೇಕು. ಹಳೆಯ ಕಂಪನಿಯಲ್ಲಿ ಇದ್ದಾಗಲೇ ನಡೆದದ್ದು. ಏಳು ತಿಂಗಳಿಂದ ಚಂದಾ ಕಟ್ಟುತ್ತಿದ್ದ ಒಬ್ಬರು ಹೋದ ತಿಂಗಳಿನ ಪೇಮೆಂಟ್ ತಮ್ಮದಲ್ಲ ಅಂತ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಆಶ್ಚರ್ಯವಾಯಿತು. ಅವರು ತಂಗಿಗೆ ವಾರದ ಹಿಂದಷ್ಟೇ ತಾವು ಹೊಲಿದ ಬಟ್ಟೆಯ ಫೋಟೊ ಕಳಿಸಿದ್ದರು! ಮೇಲ್ ಮಾಡಿ ಕೇಳಿದೆ. ಪಾಪ, ಅವರು ಗಾಬರಿಯಾಗಿ ತಮ್ಮ ಸ್ಟೇಟ್‌ಮೆಂಟಿನ ಚಿತ್ರ ಕಳಿಸಿದರು. ಅದರಲ್ಲಿ ನಮ್ಮ ಹೊಲಿಗೆ ಶಾಲೆಯ ಹೆಸರು ಎಲ್ಲೂ ಇರಲಿಲ್ಲ. ನಾವು ಕಾಗದಪತ್ರಕ್ಕೆ ಅಂತ ನೋಂದಾಯಿಸಿದ್ದ ಸಂಸ್ಥೆಯ ಹೆಸರು ಅರ್ಧಕ್ಕೆ ತುಂಡಾಗಿ, ಮುಂದೆ ಏನೋ ಅಂಕಿಗಳ ಜೊತೆ ಇತ್ತು. ಯಾರಿಗೆ ತಾನೇ ಗೊತ್ತಾಗಬೇಕು? ಆರು ತಿಂಗಳು ಅವರು ಸ್ಟೇಟ್‌ಮೆಂಟ್ ನೋಡಿರಲಿಲ್ಲ, ಏಳನೇ ತಿಂಗಳು ನೋಡಿದರು, ಹೆದರಿದರು.

ಅವರು ದೂರು ವಾಪಸ್ ತೆಗೆದುಕೊಂಡರು. ಆದರೂ ಚಾರ್ಜ್‌ಬ್ಯಾಕ್ ಶುಲ್ಕ ನಮಗೆ ವಾಪಸ್ ಬರಲಿಲ್ಲ, ಲೆಕ್ಕದಲ್ಲಿ ಒಂದು ದೂರು ಉಳಿದೇ ಉಳಿಯಿತು. ಇದು ಸಣ್ಣ ವಿಷಯ ಅಲ್ಲ. ದೂರುಗಳ ಪ್ರಮಾಣ ನೂರಕ್ಕೆ ಒಂದರ ಹತ್ತಿರ ಬಂದರೆ ಕಂಪನಿಗಳು ಕಣ್ಣಿಡಲು ಶುರು ಮಾಡುತ್ತವೆ. ತೀರಾ ಹೆಚ್ಚಾಗಿ ಖಾತೆ ಮುಚ್ಚಿಸಿದರೆ ಮಾಸ್ಟರ್‌ಕಾರ್ಡ್ ನಡೆಸುವ ಮ್ಯಾಚ್ ಅನ್ನುವ ಪಟ್ಟಿಗೆ ಹೆಸರು ಸೇರಬಹುದು. ಒಮ್ಮೆ ಸೇರಿದರೆ ಐದು ವರ್ಷ ಇರುತ್ತದೆ. ಅಷ್ಟು ಕಾಲ ಬೇರೆಯವರು ಖಾತೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಒಂದು ತುಂಡಾದ ಹೆಸರಿನಿಂದ ಇಷ್ಟೆಲ್ಲ ಆಗುವ ಸಾಧ್ಯತೆ ಇತ್ತು. ಹೊಸ ಕಂಪನಿಯಲ್ಲಿ ನಾನು ಮೊದಲು ತುಂಬಿದ್ದೇ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರು. ಜಾಗ ಇರುವುದು 22 ಅಕ್ಷರಕ್ಕೆ. ನಮ್ಮ ಶಾಲೆಯ ಹೆಸರು ಅದರೊಳಗೆ ಹಿಡಿಸುವ ಹಾಗೆ ಕೂತು ಎಣಿಸಿ ಬರೆದೆವು.

ತ್ರೀ-ಡಿ ಸೆಕ್ಯೂರ್ ಬಗ್ಗೆ ನಮ್ಮಿಬ್ಬರಲ್ಲಿ ವಾದವೇ ಆಯಿತು. ಪೇಮೆಂಟ್ ಮಾಡುವಾಗ ಬ್ಯಾಂಕ್ ಒಟಿಪಿ ಕೇಳುವುದು, ಆಪ್‌ನಲ್ಲಿ ಒಪ್ಪಿಗೆ ಕೇಳುವುದು ಇದೇ ವ್ಯವಸ್ಥೆ. ಅದು ಬಂದರೆ ಜನ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ ಅಂತ ತಂಗಿಯ ವಾದ. ನನ್ನ ವಾದ ಬೇರೆ. ಹಾಗೆ ಖಾತ್ರಿಯಾದ ಪೇಮೆಂಟ್ ಕದ್ದ ಕಾರ್ಡಿನದ್ದು ಅಂತ ಆಮೇಲೆ ದೂರು ಬಂದರೆ, ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲಿಗೆ ಹೋಗುತ್ತದೆ, ನಮಗಲ್ಲ. 2016ರಲ್ಲಿ ಕಾರ್ಡ್ ಕಂಪನಿಗಳ ಜಂಟಿ ಸಂಸ್ಥೆ ಇಎಂವಿಕೋ ಹೊರತಂದ ಎರಡನೇ ಆವೃತ್ತಿಯ ನಂತರ ಅನುಮಾನ ಬಂದ ಕಡೆ ಮಾತ್ರ ಕೇಳಿ, ಉಳಿದವರನ್ನು ಸುಮ್ನೆ ಬಿಡುವ ಅವಕಾಶವೂ ಇದೆ. ಎಲ್ಲಿ ಕಡ್ಡಾಯವೋ ಅಲ್ಲಿ ಆಯ್ಕೆಯೇ ಇಲ್ಲ. ಉಳಿದ ಕಡೆ ವರ್ಷದ ಕೋರ್ಸಿಗೆ ಕೇಳುವುದು, ಸಣ್ಣ ಪ್ಯಾಟರ್ನ್‌ಗೆ ಬಿಡುವುದು ಅಂತ ರಾಜಿಯಾದೆವು.

ಪರೀಕ್ಷೆ ಮಾಡುವಾಗ ಒಂದು ದಿನ ಪೂರ್ತಿ ಖರ್ಚಾಯಿತು, ಚೆನ್ನಾಗಿಯೇ ಖರ್ಚಾಯಿತು. ಟೆಸ್ಟ್ ಕಾರ್ಡ್ ನಂಬರ್‌ಗಳಿಂದ ಎಲ್ಲ ಸರಿ ಕಂಡ ಮೇಲೆ ನನ್ನ ಸ್ವಂತ ಕಾರ್ಡಿನಿಂದ ನಿಜವಾಗಿ ಕೊಂಡೆ. ಬೇಕೆಂದೇ ಕೊಳ್ಳುವ ಬಟನ್ ಎರಡು ಸಲ ಬೇಗ ಬೇಗ ಒತ್ತಿದೆ, ನೆಟ್ ನಿಧಾನ ಇದ್ದಾಗ ಜನ ಒತ್ತುವ ಹಾಗೆ. ಎರಡು ಸಲ ದುಡ್ಡು ಹೋಯಿತು. ಕಂಪನಿಯದ್ದಲ್ಲ, ನಮ್ಮ ಸೈಟಿನ ತಪ್ಪು. ಪ್ರತಿ ಆರ್ಡರ್‌ಗೆ ಒಂದು ಗುರುತಿನ ಕೀ ಕಳಿಸಿದರೆ, ಅದೇ ಕೀ ಎರಡನೇ ಸಲ ಬಂದಾಗ ಅವರು ದುಡ್ಡು ಎಳೆಯುವುದಿಲ್ಲ. ಆ ಕೀ ಹಾಕಿರಲಿಲ್ಲ. ಗ್ರಾಹಕರಿಗೆ ಆಗುವ ಮೊದಲು ನಮಗೆ ಗೊತ್ತಾಯಿತಲ್ಲ, ಸಾಕು.

ಇನ್ನೊಂದು ಮುಖ್ಯ ವಿಷಯ ಇಲ್ಲೇ ತಿಳಿದದ್ದು. ಹಳೆಯ ಕಂಪನಿ ಕಾರ್ಡ್ ನಡೆಯದಿದ್ದರೆ 'ಪಾವತಿ ವಿಫಲ' ಅಂತಷ್ಟೇ ತೋರಿಸುತ್ತಿತ್ತು. ಹೊಸದರಲ್ಲಿ ಬ್ಯಾಂಕ್ ಕೊಟ್ಟ ಕೋಡ್ ಕಾಣುತ್ತದೆ. 51 ಅಂದರೆ ಖಾತೆಯಲ್ಲಿ ಹಣ ಸಾಲದು. 54 ಅಂದರೆ ಕಾರ್ಡಿನ ಅವಧಿ ಮುಗಿದಿದೆ. 05 ಅಂದರೆ ಬ್ಯಾಂಕ್ ಬೇಡ ಅಂದಿದೆ, ಕಾರಣ ಹೇಳಿಲ್ಲ. ಚಂದಾ ವ್ಯಾಪಾರ ಮಾಡುವವರಿಗೆ ಈ ವ್ಯತ್ಯಾಸ ಬದುಕು ಇದ್ದ ಹಾಗೆ. 51 ಬಂದರೆ ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದರೆ ಆಯಿತು. 54 ಬಂದರೆ ನೂರು ಸಲ ಕೇಳಿದರೂ ಪ್ರಯೋಜನ ಇಲ್ಲ, ಹೊಸ ಕಾರ್ಡ್ ಹಾಕಿ ಅಂತ ಪ್ರೀತಿಯಿಂದ ಒಂದು ಮೇಲ್ ಬರೆಯಬೇಕು. ಎರಡು ವರ್ಷ ನಾವು ಎಲ್ಲರಿಗೂ ಒಂದೇ ಒರಟು ಮೇಲ್ ಕಳಿಸುತ್ತಿದ್ದೆವು. ಅದರಿಂದ ಎಷ್ಟು ಜನ ಬಿಟ್ಟು ಹೋದರೋ ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ.

ಕೊನೆಯ ಬೆಟ್ಟ, ಹಳೆಯ ಚಂದಾದಾರರನ್ನು ದಾಟಿಸುವುದು. ಅವರ ಕಾರ್ಡ್ ನಂಬರ್ ನಮ್ಮ ಬಳಿ ಇಲ್ಲ. ಇರುವುದು ಟೋಕನ್, ಅಂದರೆ ಹಳೆಯ ಕಂಪನಿಗೆ ಮಾತ್ರ ಅರ್ಥವಾಗುವ ಒಂದು ಗುರುತು. ಅವರನ್ನು ಬಿಟ್ಟ ಕೂಡಲೇ ಅದು ಬರೀ ಅಕ್ಷರ. ಕಂಪನಿ ಬದಲಾಯಿಸಲು ಬಹಳ ಜನ ಹೆದರುವುದು ಇದಕ್ಕೇ. ಎಲ್ಲರಿಗೂ ಮತ್ತೆ ಕಾರ್ಡ್ ಹಾಕಿ ಅಂದರೆ ಎಷ್ಟು ಜನ ಹಾಕುತ್ತಾರೆ, ಅಲ್ವಾ?

ಇದಕ್ಕೆ ದಾರಿ ಇದೆ. ಹಳೆಯವರು ಕಾರ್ಡ್ ವಿವರಗಳನ್ನು ಗೂಢಲಿಪಿಯಲ್ಲಿ ಲಾಕ್ ಮಾಡಿ ನೇರ ಹೊಸಬರಿಗೆ ಕಳಿಸುತ್ತಾರೆ. ನಾವು ಮಧ್ಯೆ ಮುಟ್ಟುವುದಿಲ್ಲ. ನಮಗೆ ಸಿಗುವುದು ಹಳೆಯ ಟೋಕನ್ ಯಾವುದು, ಹೊಸದು ಯಾವುದು ಅನ್ನುವ ಪಟ್ಟಿ. ಹಳೆಯ ಕಂಪನಿ ಇದನ್ನು ತಡೆಯಲಿಲ್ಲ, ಅದಕ್ಕೆ ಅವರಿಗೆ ಋಣಿ. ಐದು ವಾರ ತೆಗೆದುಕೊಂಡರು, ಅಷ್ಟೇ. ಆ ಐದು ವಾರ ಎರಡೂ ಕಂಪನಿ ಒಟ್ಟಿಗೆ ಓಡಿದವು. ಹೊಸ ಗ್ರಾಹಕರು ಹೊಸದಕ್ಕೆ, ಹಳಬರು ಹಳೆಯದಕ್ಕೆ.

ದಾಟಿಸಿದ ಮೊದಲ ತಿಂಗಳು ಚಂದಾ ಎಳೆಯುವ ದಿನ ಇಬ್ಬರೂ ಪರದೆಯ ಮುಂದೆ ಕೂತಿದ್ದೆವು. ಎಲ್ಲರದ್ದೂ ಒಟ್ಟಿಗೆ ಎಳೆಯುವುದು ಬೇಡ ಅಂತ ಮೊದಲು ಇಪ್ಪತ್ತು ಜನರದ್ದು ಮಾತ್ರ ಎಳೆದೆವು. ಹದಿನೆಂಟು ಬಂತು. ಎರಡು 54. ಆಮೇಲೆ ಉಳಿದವರದ್ದು. ನಡೆಯದೆ ಉಳಿದವರಿಗೆ ತಂಗಿ ಒಬ್ಬೊಬ್ಬರಿಗೂ ಹೆಸರು ಹಾಕಿ ತಾನೇ ಬರೆದಳು. ಕಾರ್ಡ್ ಬದಲಾದಾಗ ಹೊಸ ನಂಬರ್ ತಾನಾಗಿ ತರುವ ಅಪ್‌ಡೇಟರ್ ಸೇವೆ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದೆ. ಅದನ್ನು ಆನ್ ಮಾಡಿಸಿದ ಮೇಲೆ ಮುಂದಿನ ತಿಂಗಳುಗಳಲ್ಲಿ ಈ ತಲೆನೋವು ಕಡಿಮೆಯಾಯಿತು.

ಹಳೆಯ ಕಂಪನಿಯ ರಿಸರ್ವ್ ದುಡ್ಡು ಬರುತ್ತಾ ಹೋಯಿತು. ಅದು ಒಟ್ಟಿಗೆ ಬರುವುದಿಲ್ಲ. ಯಾವ ದಿನ ಹಿಡಿದದ್ದೋ ಅದರ 180ನೇ ದಿನಕ್ಕೆ ಆ ದಿನದ್ದು ಮಾತ್ರ. ಹಾಗಾಗಿ ನಾವು ಬಿಟ್ಟು ಬಂದ ಮೇಲೂ ಆರು ತಿಂಗಳು ದಿನಾ ಒಂದು ಚಿಕ್ಕ ಮೊತ್ತ ಬೀಳುತ್ತಿತ್ತು. ನಾನು ಪುಸ್ತಕದಲ್ಲಿ ಒಂದೊಂದನ್ನೂ ಬರೆದಿಟ್ಟು ತಾಳೆ ನೋಡಿದೆ. ಕೊನೆಯ ಕಂತು ಬಂದ ದಿನ ಆ ಖಾತೆ ಮುಚ್ಚಿದೆ.

ಈಗ ತಂಗಿ ಎರಡನೇ ವರ್ಷದ ಕೋರ್ಸ್ ಮಾಡುತ್ತಿದ್ದಾಳೆ. ಹದಿನೈದು ದಿನ ಅಂದಿದ್ದರು, ನಾನು ಎರಡು ತಿಂಗಳು ಮುಂಚೆಯೇ ಬರೆದೆ. ಎಷ್ಟು ಜನ ಸೇರಬಹುದು, ಬೆಲೆ ಎಷ್ಟು, ರೀಫಂಡ್ ನಿಯಮ ಏನು, ಎಲ್ಲ. ಮರುದಿನ ಫೋನ್ ಬಂತು, ಆ ಭಾನುವಾರ ಉತ್ತರ ಬರೆದವರೇ. ಅವರು ಕೇಳಿದ್ದು ಒಂದೇ ಪ್ರಶ್ನೆ, "52 ಪಾಠದಲ್ಲಿ ಎಷ್ಟು ರೆಡಿ ಇವೆ?" ಒಂದೂ ಇಲ್ಲ ಅಂದೆ. ಹಾಗಾದರೆ ವರ್ಷದ ಬದಲು ಮೂರು ಮೂರು ತಿಂಗಳಿಗೆ ದುಡ್ಡು ತೆಗೆದುಕೊಳ್ಳಿ, ಶುರುವಿಗೆ ಹದಿಮೂರು ಪಾಠ ರೆಡಿ ಇಟ್ಟುಕೊಳ್ಳಿ, ರಿಸರ್ವ್ ಹಾಕುವುದಿಲ್ಲ, ಮಿತಿಯನ್ನೂ ಏರಿಸಿಕೊಡುತ್ತೇನೆ ಅಂದರು. ತಂಗಿ ಒಪ್ಪಿದಳು. ಒಳಗಿನ ಕೋಣೆಯಲ್ಲಿ ಅವಳ ಮಷಿನ್ ಸದ್ದು ಕೇಳುತ್ತಿದೆ. ಐದನೇ ಪಾಠ, ಕಾಲರ್ ಕೂರಿಸುವುದು.